ಯೋಧಋಣವೂ ಕಾಯಕ್ಲೇಶವೂ

ಸಗರಪುತ್ರರ ಕಥೆಯನ್ನರಿಯದ ಮನೆ ನಮ್ಮಲ್ಲಿ ವಿರಳ. ಯಜ್ಞಾಶ್ವವನ್ನರಸಿ ಹೋದ ಆ ಅರುವತ್ತು ಸಾವಿರ ಮಂದಿ ಬೂದಿಯಾದರು. ಅವರಿಗೆ ಸದ್ಗತಿಯನ್ನು ದೊರಕಿಸುವುದಕ್ಕಾಗಿ ಭಗೀರಥನು ಗೋಕರ್ಣದಲ್ಲಿ ತೋಳೆತ್ತಿ ನಿಂತು ಪಂಚಾಗ್ನಿಮಧ್ಯದಲ್ಲಿ ತಪಸ್ಸು ಮಾಡಿದನು. ತಾನು ಕಾಣದ ಹಿರಿಯರಿಗಾಗಿ ಅವನು ತನ್ನ ದೇಹವನ್ನೇಕೆ ದಂಡಿಸಬೇಕಾಗಿದ್ದಿತೆಂದು ಬಾಲ್ಯದಲ್ಲಿ ಪಾಠಶಾಲೆಯ ಗುರುಗಳನ್ನು ಕೇಳಿ ಬೈಸಿಕೊಂಡವರಲ್ಲಿ ನಾನೂ ಒಬ್ಬನು. ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ಬಳಕೆಗೆ ಬಂದಿರುವ ಒಂದು ಪದ್ಧತಿಯನ್ನು ಕುರಿತು ಓದುವಾಗ ಆ ಪ್ರಶ್ನೆ ಮತ್ತೆ ನೆನಪಿಗೆ ಬಂದಿತು.

ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರ ಸಹಾಯಾರ್ಥವಾಗಿ ಯಾರೋ ಒಬ್ಬನು ಸಾವಿರಾರು ಮೈಲಿ ನಡೆಯುತ್ತಾನೆ, ಅಥವಾ ಬೈಸಿಕಲ್ಲು ತುಳಿಯುತ್ತಾನೆ. ಅವನ ಶ್ರಮವನ್ನು ಕಂಡವರು ಹಣ ಕೊಡುತ್ತಾರೆ. ಹಣವೇ ಬೇಕಾದರೆ ಕೇಳಿ ಪಡೆಯಬಾರದೆ, ಕಾಲಿನಲ್ಲಿ ಬೊಬ್ಬೆಯೇಳಿಸಿಕೊಳ್ಳುವುದೇಕೆ ಎಂದು ವಾಚಕರು ಕೇಳಬಹುದು. ಈ ಶಂಕೆಗೆ ಸಮಾಧಾನವನ್ನು ಚರಿತ್ರೆಯಲ್ಲಿಯೇ ಹುಡುಕಬೇಕು.

ಯೂರೋಪಿನಲ್ಲಿ ಗಾಯಗೊಂಡ ಸಿಪಾಯಿಯ ಪಾಡು ಬಹುಕಾಲ ಭಿಕ್ಷುಕನ ಪಾಡೇ ಆಗಿದ್ದಿತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯು 1670ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗವಿಕಲ ಯೋಧರಿಗೆಂದು ಇನ್ವಾಲೀಡ್ಸ್ ಎಂಬ ಮಹಾಭವನಕ್ಕೆ ಅಪ್ಪಣೆ ಕೊಟ್ಟನು. ಹೆಚ್ಚು ವರ್ಷ ಕಳೆಯುವ ಮುನ್ನವೇ ಇಂಗ್ಲೆಂಡಿನ ಎರಡನೆಯ ಚಾರಲ್ಸ್ ದೊರೆಯು ಲಂಡನ್ನಿನ ಚೆಲ್ಸಿಯಲ್ಲಿ ಅಂತಹುದೊಂದನ್ನು ಸ್ಥಾಪಿಸಿದನು. ಒಳಗೆ ಸ್ಥಳ ದೊರೆತವರು ಕೆಲವರು, ಉಳಿದವರು ಬೀದಿಯವರು. ಮೊದಲನೆಯ ಮಹಾಯುದ್ಧವು ಈ ಲೆಕ್ಕವನ್ನೆಲ್ಲ ತಲೆಕೆಳಗುಮಾಡಿತು. 1915ರಲ್ಲಿ ಆರ್ಥರ್ ಪಿಯರ್ಸನ್ ಎಂಬ ಪತ್ರಿಕೋದ್ಯಮಿ, ತಾನೇ ದೃಷ್ಟಿಯನ್ನು ಕಳೆದುಕೊಂಡವನು, ಕುರುಡರಾದ ಸೈನಿಕರಿಗೆ ಕಸಬು ಕಲಿಸುವ ಸಂಸ್ಥೆಯನ್ನು ತೆರೆದನು. 1921ರಲ್ಲಿ ಬ್ರಿಟಿಷ್ ಲೀಜನ್ ಹುಟ್ಟಿ, ಕೆಂಪು ಗಸಗಸೆ ಹೂವನ್ನು ಮಾರಿ ಹಣ ಕೂಡಿಸಲಾರಂಭಿಸಿತು.

ಅಮೆರಿಕಾದಲ್ಲಿ ನಡೆದುದು ಬೇರೆ ತೆರನಾದ ಯಾತ್ರೆ. ಆ ಮಹಾಯುದ್ಧದ ಸೈನಿಕರಿಗೆ ಸರ್ಕಾರವು 1924ರಲ್ಲಿ ಪತ್ರಗಳನ್ನು ಬರೆದುಕೊಟ್ಟಿದ್ದಿತು. ಹಣ ಕೈಸೇರುವ ಗಡುವು 1945. ನಡುವೆ ಕ್ಷಾಮಸದೃಶವಾದ ಆರ್ಥಿಕ ಮುಗ್ಗಟ್ಟು ಬಂದಿತು. 1932ರಲ್ಲಿ ಪೋರ್ಟ್‌ಲೆಂಡಿನಿಂದ ವಾಲ್ಟರ್ ವಾಟರ್ಸ್ ಎಂಬ ಮಾಜಿ ಸೈನಿಕನು ಕೆಲವು ನೂರು ಜನರೊಡನೆ ಸರಕು ರೈಲುಗಳನ್ನು ಹತ್ತಿ, ಇಳಿದು, ನಡೆದು, ರಾಜಧಾನಿಯಾದ ವಾಷಿಂಗ್ಟನ್ನಿಗೆ ಹೊರಟನು. ದಾರಿದಾರಿಯಲ್ಲಿ ಜನ ಸೇರಿ ಸಾವಿರಾರು ಮಂದಿ ಮಾಜಿ ಸೈನಿಕರು ಹೆಂಡಿರು ಮಕ್ಕಳೊಡನೆ ಅಲ್ಲಿ ಗುಡಿಸಲು ಹಾಕಿಕೊಂಡರು. ಸೆನೆಟ್ ಸಭೆಯು ಅವರ ಬೇಡಿಕೆಯನ್ನು ತಳ್ಳಿಹಾಕಿತು. ಜುಲೈ 28ರಂದು ಪೋಲೀಸರ ಗುಂಡಿಗೆ ಇಬ್ಬರು ಸಿಕ್ಕಿದರು. ಆ ದಿನವೇ ಸೇನಾಧಿಪತಿ ಮೆಕಾರ್ಥರನು ಅದೇ ದೇಶದ ಸೈನ್ಯವನ್ನು ನಡೆಸಿ ತಂದು ಉಳಿದವರನ್ನು ಹೊರಗಟ್ಟಿದನು. ಹಣ ದೊರೆತುದು 1936ರಲ್ಲಿ, ಅದೂ ಅಧ್ಯಕ್ಷರ ನಿಷೇಧವನ್ನು ಮೀರಿ ಶಾಸನಸಭೆಯು ಕಾನೂನು ಮಾಡಿದ ಮೇಲೆ. ಈ ವೃತ್ತಾಂತವನ್ನು ವಿಸ್ತರಿಸಿದುದಕ್ಕೆ ಕಾರಣವುಂಟು. ಆ ಜನ ಬೇಡಿದುದು ದಾನವನ್ನಲ್ಲ, ಸಲ್ಲಬೇಕಾದ ಋಣವನ್ನು. ನಮ್ಮ ಶಾಸನಗಳಲ್ಲಿ ಮಡಿದ ವೀರನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿದೆಯಷ್ಟೆ; ರಕ್ತಕ್ಕೆ ಪ್ರತಿಯಾದ ಕೊಡಗೆಯನ್ನು ಯಾರೂ ಭಿಕ್ಷೆಯೆಂದು ಕರೆಯಲಿಲ್ಲ.

ಇನ್ನು ಈಗಿನ ಪದ್ಧತಿಗೆ ಬರೋಣ. 2004ರಲ್ಲಿ, ಇರಾಕಿನ ಯುದ್ಧದಿಂದ ಗಾಯಾಳುಗಳು ತಂಡತಂಡವಾಗಿ ಹಿಂದಿರುಗುತ್ತಿದ್ದ ಕಾಲದಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಲಾಂಗ್ ಐಲೆಂಡಿನ ಮದ್ಯಗೃಹವೊಂದರಲ್ಲಿ ಪರಿಚಾರಕನಾಗಿದ್ದ ಕ್ರಿಸ್ ಕಾರ್ನಿ ಎಂಬುವನು ಆ ದ್ವೀಪದ ಪೂರ್ವದ ತುದಿಯಾದ ಮಾಂಟಾಕಿನಿಂದ ಪಶ್ಚಿಮ ಸಮುದ್ರತೀರದ ಸ್ಯಾನ್ ಡಿಯೇಗೊವರೆಗೆ ಬೈಸಿಕಲ್ಲಿನ ಮೇಲೆ ಹೋದನು. ದೂರ 4,000 ಮೈಲಿಗೂ ಮಿಕ್ಕುದು. ಅವನು ಗಾಯಾಳು ಯೋಧರ ಸಂಸ್ಥೆಯೊಂದಕ್ಕೆ ಕೂಡಿಸಿಕೊಟ್ಟ ಹಣ 10 ಲಕ್ಷ ಡಾಲರಿಗೆ ಕಡಮೆಯಿಲ್ಲ. ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಪರೋಪಕಾರದ ಇನ್ನೊಂದು ದೃಷ್ಟಾಂತವಾಗಿ ಉಳಿಯುತ್ತಿದ್ದಿತು. ಮರುವರ್ಷ ಅವನು ಮತ್ತೆ ಹೊರಟಾಗ ಜೊತೆಗೆ ಇಬ್ಬರು ಬಂದರು: ಒಂದು ಕಾಲಿನ ಕೆಳಭಾಗವನ್ನು ಕಳೆದುಕೊಂಡ ರಯನ್ ಕೆಲ್ಲಿ, ಮತ್ತು ಮಂಡಿಯ ಮೇಲಕ್ಕೆ ಎರಡು ಕಾಲುಗಳೂ ಹೋಗಿದ್ದ ಹೀತ್ ಕ್ಯಾಲ್ಹೂನ್. ಕಾಲಿಲ್ಲದವನು ಕೈಯಿಂದ ತಿರುಗಿಸುವ ಬಂಡಿಯಲ್ಲಿ ಕುಳಿತು, ಸಮುದ್ರದಿಂದ ಸಮುದ್ರಕ್ಕೆ, ತೋಳಬಲದಿಂದಲೇ ದೇಶವನ್ನು ದಾಟಿದನು. ಸಹಾಯವನ್ನು ಸ್ವೀಕರಿಸಬೇಕಾದವನೇ ಸಹಾಯಕ್ಕೆ ಹೊರಟುದು ಆಗ. ನನ್ನ ಮಟ್ಟಿಗೆ ಈ ಪದ್ಧತಿಯ ನಿಜವಾದ ಜನ್ಮವರ್ಷ 2004 ಅಲ್ಲ, 2005. ಅದೇ ಕ್ಯಾಲ್ಹೂನನು 2010ರಲ್ಲಿ ವ್ಯಾಂಕೂವರಿನಲ್ಲಿ ನಡೆದ ಅಂಗವಿಕಲರ ಒಲಿಂಪಿಕ್ ಕ್ರೀಡೆಗಳಲ್ಲಿ ತನ್ನ ದೇಶದ ಧ್ವಜವನ್ನು ಹಿಡಿದು ಮುಂದೆ ನಡೆದನು.

ಹಣ ಬಂದ ಕಡೆ ಹಣದ ದೋಷಗಳೂ ಬರುವುವು. ಆ ಸಂಸ್ಥೆಯು ಬೆಳೆದು ಕೋಟಿಗಟ್ಟಲೆಯ ವ್ಯವಹಾರವಾಯಿತು. ಸಭೆ ಸಮಾರಂಭಗಳಿಗೆ ಧಾರಾಳವಾಗಿ ವೆಚ್ಚಮಾಡುತ್ತಿದೆಯೆಂದು ಪತ್ರಿಕೆಗಳು ಬರೆದ ಮೇಲೆ, 2016ರ ಮಾರ್ಚಿಯಲ್ಲಿ ಅದರ ಆಡಳಿತ ಮಂಡಲಿಯು ಇಬ್ಬರು ಮುಖ್ಯಾಧಿಕಾರಿಗಳನ್ನು ಕೆಲಸದಿಂದ ತೆಗೆದುಹಾಕಿತು. ಇದಕ್ಕಿಂತಲೂ ಗುರುತರವಾದ ಆಕ್ಷೇಪ ಇನ್ನೊಂದುಂಟು. ಪ್ರಜೆಗಳು ಬೆವರು ಸುರಿಸಿ ಕೂಡಿಸಿಕೊಡುವರೆಂಬ ಧೈರ್ಯದಿಂದ ಪ್ರಭುತ್ವವು ತನ್ನ ಋಣವನ್ನು ಮರೆಯಬಹುದು. ಈ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ವೈದ್ಯ, ವೇತನ, ವಸತಿ, ಇವು ಯಾರ ಕಾಲ್ನಡಿಗೆಯನ್ನೂ ಕಾಯಬಾರದವು. ಆದರೆ ಇವೆಲ್ಲ ಸಂದ ಮೇಲೆಯೂ, ನಾನು ಇನ್ನು ಯಾವುದಕ್ಕೆ ಬಂದೇನು ಎಂದು ಮೂಲೆಯಲ್ಲಿ ಕುಳಿತವನಿಗೆ ಬೊಕ್ಕಸವು ಏನನ್ನು ತಾನೆ ಕೊಡಬಲ್ಲುದು?

ಇದನ್ನು ಚೆನ್ನಾಗಿ ಕಂಡುಕೊಂಡವರು ಬ್ರಿಟನ್ನಿನ ಎಡ್ ಪಾರ್ಕರ್, ಸೈಮನ್ ಡಾಗ್ಲಿಷ್ ಎಂಬ ಇಬ್ಬರು. ಗಾಯಾಳುಗಳೊಡನೆ ನಡೆಯುವುದು ಎಂಬ ಅರ್ಥದ ಹೆಸರಿನಿಂದ ಅವರು 2010ರಲ್ಲಿ ಸಂಘವನ್ನು ಕಟ್ಟಿದರು. ಹೆಸರಿನಲ್ಲಿರುವುದು ಗಾಯಾಳುಗಳಿಗಾಗಿ ಅಲ್ಲ, ಗಾಯಾಳುಗಳೊಡನೆ. ಚತುರ್ಥಿಗೂ ತೃತೀಯೆಗೂ ಇರುವ ಭೇದವನ್ನು ವ್ಯಾಕರಣ ಓದಿದವರು ಲಘುವಾಗಿ ಎಣಿಸಲಾರರು. 2011ರ ಏಪ್ರಿಲ್ 16ರಂದು ಅವರ ತಂಡವು ಉತ್ತರಧ್ರುವವನ್ನು ಮುಟ್ಟಿತು. ಅದರಲ್ಲಿದ್ದ ನಾಲ್ವರು ಆಫ್ಘಾನಿಸ್ಥಾನದ ಯುದ್ಧದಲ್ಲಿ ನೊಂದವರು: ಒಬ್ಬನಿಗೆ ಎಡಗೈಯಿಲ್ಲ, ಒಬ್ಬನ ಬಲಗೈ ಸ್ವಾಧೀನದಲ್ಲಿಲ್ಲ, ಒಬ್ಬನಿಗೆ ಮಂಡಿಯ ಕೆಳಗೆ ಬಲಗಾಲಿಲ್ಲ, ಇನ್ನೊಬ್ಬನು ಬೆನ್ನುಮೂಳೆ ಮುರಿದುಕೊಂಡವನು. ಸರಂಜಾಮು ಹೇರಿದ ಜಾರುಬಂಡಿಗಳನ್ನು ಹಿಮಗಡ್ಡೆಗಳ ಮೇಲೆ ತಾವೇ ಎಳೆದುಕೊಂಡು ಹೋದರು. ಮರುವರ್ಷ ಎವರೆಸ್ಟ್ ಶಿಖರಕ್ಕೆ ಹೊರಟ ತಂಡವು, ಮಾರ್ಗ ಅಪಾಯಕರವೆಂದು ಕಂಡುಬಂದುದರಿಂದ ಹಿಂದಿರುಗಿತು.

2013ರಲ್ಲಿ ದಕ್ಷಿಣಧ್ರುವಕ್ಕೆ ಒಂದು ಪಂದ್ಯವನ್ನೇ ಏರ್ಪಡಿಸಿದರು. ಬ್ರಿಟನ್ನಿನದೊಂದು, ಅಮೆರಿಕಾದದೊಂದು, ಆಸ್ಟ್ರೇಲಿಯಾ ಕೆನಡಾಗಳು ಕೂಡಿದ ಕಾಮನ್‌ವೆಲ್ತಿನದೊಂದು, ಹೀಗೆ ಮೂರು ತಂಡಗಳು. ತಂಡಕ್ಕೆ ನಾಲ್ವರಂತೆ ಹನ್ನೆರಡು ಮಂದಿ ಗಾಯಾಳುಗಳು. ಇವಾನ್ ಕ್ಯಾಸ್ಟ್ರೋ ಎಂಬ ಅಮೆರಿಕಾದ ಅಧಿಕಾರಿಗೆ ಕಣ್ಣು ಕಾಣದು. ಬ್ರಿಟನ್ನಿನ ಡಂಕನ್ ಸ್ಲೇಟರನಿಗೆ ಎರಡು ಕಾಲುಗಳೂ ಇಲ್ಲ. ರಾಜಕುಮಾರ ಹ್ಯಾರಿಯು ಬ್ರಿಟನ್ನಿನ ತಂಡದಲ್ಲಿದ್ದುದರಿಂದ ಪತ್ರಿಕೆಗಳ ಗಮನವೆಲ್ಲ ಅವನ ಮೇಲೆಯೇ ಇದ್ದಿತು, ಅದು ಲೋಕರೂಢಿ. ಗಾಳಿ ಕೊರೆದು ಅಲೆಅಲೆಯಾಗಿ ಗಟ್ಟಿಯಾಗಿದ್ದ ಹಿಮದ ಮೇಲೆ ನಡೆಯುವುದು ಎಣಿಸಿದುದಕ್ಕಿಂತ ಕಠಿನವಾಯಿತು. ಪಾರ್ಕರನು ಪಂದ್ಯವನ್ನು ನಿಲ್ಲಿಸಿ, ಗೆಲ್ಲುವವರು ಸೋಲುವವರು ಎಂಬುದು ಬೇಡ, ಎಲ್ಲರೂ ಕೂಡಿಯೇ ಹೋಗೋಣವೆಂದು ನಿಶ್ಚಯಿಸಿದನು. ಡಿಸೆಂಬರ್ 13ರಂದು ಮೂರು ತಂಡಗಳೂ ಒಟ್ಟಿಗೆ ಧ್ರುವವನ್ನು ಸೇರಿದುವು. ಕಣ್ಣಿಲ್ಲದವನೂ ಕಾಲಿಲ್ಲದವನೂ ಆ ಗುಂಪಿನಲ್ಲಿಯೇ ಇದ್ದರು.