ಒಯ್ದ ಹಾಳೆ, ಒಯ್ದ ಚಿತ್ರ

ಪತ್ರಾಗಾರದಲ್ಲಿ ಛಾಯಾಚಿತ್ರ ತೆಗೆಯಲು ಅನುಮತಿ ಏಕೆ ಬೇಕೆಂದು ಗುರುಮಠದ ವಿದ್ಯಾರ್ಥಿಗಳು ಕೇಳುವುದುಂಟು. ಹಾಳೆ ಇದ್ದಲ್ಲಿಯೇ ಇರುತ್ತದಲ್ಲವೇ ಎಂಬುದು ಅವರ ವಾದ. ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದ ಇತಿಹಾಸದ ಬೆಳಕಿನಲ್ಲಿ ಈ ವಾದವನ್ನು ನಾವು ಪರಿಶೀಲಿಸಬಹುದು.

1844ರಲ್ಲಿ ಟಿಶೆಂಡೋರ್ಫ್ ಆ ಮಠದಿಂದ ಪ್ರಾಚೀನ ಗ್ರೀಕ್ ಬೈಬಲಿನ 43 ಹಾಳೆಗಳನ್ನು ಲೈಪ್‌ಜಿಗ್‌ಗೆ ಒಯ್ದರು. 1859ರಲ್ಲಿ ಅದೇ ಹಸ್ತಪ್ರತಿಯ ಬಹುಭಾಗವನ್ನು ನಕಲು ಮಾಡಿ ಅಚ್ಚು ಹಾಕಿಸುವುದಕ್ಕೆಂದು ಎರವಲು ಪಡೆದರು. ಕೇಳಿದೊಡನೆ ಹಿಂದಿರುಗಿಸುವುದಾಗಿ ಬರೆದುಕೊಟ್ಟ ಪತ್ರ ಇಂದಿಗೂ ಮಠದಲ್ಲಿದೆ, ಗ್ರಂಥವಿಲ್ಲ. 1869ರ ದಾನಪತ್ರಕ್ಕೆ ಮಠದವರ ಸಹಿಯಿದೆ, ಆದರೆ ಆ ಸಹಿ ಎಷ್ಟು ಸ್ವಇಚ್ಛೆಯದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1933ರಲ್ಲಿ ಸೋವಿಯತ್ ಸರ್ಕಾರ ಅದನ್ನು ಒಂದು ಲಕ್ಷ ಪೌಂಡಿಗೆ ಲಂಡನ್ನಿಗೆ ಮಾರಿತು.

1892ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಕ್ಯಾಮೆರಾ ಹೊತ್ತು ಅಲ್ಲಿಗೆ ಬಂದರು. ಹಳೆಯ ಬರಹವನ್ನು ಅಳಿಸಿ ಅದರ ಮೇಲೆ ಸಂತ ಸ್ತ್ರೀಯರ ಚರಿತ್ರೆ ಬರೆದಿದ್ದ ಸಿರಿಯಾಕ್ ಹಸ್ತಪ್ರತಿಯೊಂದು ಆಗ್ನೆಸರ ಕಣ್ಣಿಗೆ ಬಿತ್ತು. ಅಂಟಿಕೊಂಡಿದ್ದ ಹಾಳೆಗಳನ್ನು ಕುದಿಯುವ ನೀರಿನ ಹಬೆಯಲ್ಲಿ ಬಿಡಿಸಿದರು (ಇಂದಿನ ಯಾವ ಗ್ರಂಥಪಾಲಕರೂ ಇದನ್ನು ಒಪ್ಪಲಾರರು!). ಮಠದ ಗ್ರಂಥಪಾಲಕ ಗಲಾಕ್ಟಿಯೋನ್ ಅವರಿಗೆ ನೆರವಾದರು. ಅಡಿಯ ಬರಹ ಶುಭಸಂದೇಶಗಳ ಅತಿ ಪ್ರಾಚೀನ ಸಿರಿಯಾಕ್ ಅನುವಾದವೆಂದು ಕೇಂಬ್ರಿಜ್‌ನಲ್ಲಿ ಬರ್ಕಿಟ್ ಮತ್ತು ಬೆನ್ಸ್‌ಲಿ ಗುರುತಿಸಿದ್ದು ಆ ಛಾಯಾಚಿತ್ರಗಳಿಂದಲೇ. ಹಸ್ತಪ್ರತಿ ಮಾತ್ರ ಮಠದಲ್ಲಿಯೇ ಉಳಿಯಿತು. ಮರುವರ್ಷ ವಿದ್ವಾಂಸರೇ ಅಲ್ಲಿಗೆ ಹೋಗಿ ಕುಳಿತು ನಕಲು ಮಾಡಿದರು.

ಹಾಗಾದರೆ ವಿದ್ಯಾರ್ಥಿಗಳ ವಾದ ಗೆದ್ದಿತೇ? ಅರ್ಧ ಮಾತ್ರ. ಧರ್ಮಸಭೆಯ ಕಾನೂನು ಸಂಹಿತೆಯ 488ನೆಯ ವಿಧಿ ಧರ್ಮಕ್ಷೇತ್ರದ ಪತ್ರಾಗಾರದಿಂದ ದಾಖಲೆಯನ್ನು ಒಯ್ಯುವುದಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿದೆ. ಸ್ವಲ್ಪ ಕಾಲಕ್ಕೆ ಒಯ್ಯಲೂ ಸಮ್ಮತಿ ಬೇಕು. ಚಿತ್ರ ತೆಗೆಯುವುದು ಒಯ್ಯುವುದೇ ಎಂಬುದನ್ನು 1983ರ ಆ ಸಂಹಿತೆ ಹೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ಒಯ್ಯುವುದೇ ಹೌದು. ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ದತ್ತು ಮಕ್ಕಳ, ಅವಿವಾಹಿತ ತಾಯಂದಿರ ಹೆಸರುಗಳಿರುತ್ತವೆ. ಅದರ ಒಂದು ಪುಟ ಮೊಬೈಲಿನಲ್ಲಿ ಸೇರಿದ ಮೇಲೆ ಪುಸ್ತಕ ಕಪಾಟಿನಲ್ಲಿ ಬೀಗದೊಳಗಿದ್ದರೇನು? ಫ್ಲ್ಯಾಶ್ ಬಳಸಬಾರದೆಂಬ ನಿಯಮ ಕಾಗದವನ್ನು ಕಾಪಾಡೀತು, ಆ ತಾಯಿಯನ್ನಲ್ಲ. ಧರ್ಮಕೇಂದ್ರಗಳ ದಾಖಲೆಗಳನ್ನು ನೋಡುವುದಕ್ಕೂ ಒಯ್ಯುವುದಕ್ಕೂ ನಿಯಮ ರೂಪಿಸುವ ಹೊಣೆಯನ್ನು 491ನೆಯ ವಿಧಿ ಧರ್ಮಾಧ್ಯಕ್ಷರಿಗೆ ವಹಿಸಿದೆ. ಯಾರು, ಯಾವ ಪುಟದ ಚಿತ್ರ ತೆಗೆಯಬಹುದು, ಆ ಚಿತ್ರ ಮುಂದೆ ಯಾರ ಕೈ ಸೇರಬಹುದು ಎಂಬುದೂ ಆ ನಿಯಮಗಳಲ್ಲಿ ಲಿಖಿತವಾಗಿ ಸೇರಬೇಕು.