ಕೋವಿ ಬರಿದು ಮಾಡುವ ವಿದ್ಯೆ

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನ ಮನೆಗಳಲ್ಲಿ ಕೋವಿ ಗೋಡೆಯಿಂದ ಕೆಳಗಿಳಿಯುತ್ತದೆ. ಒರೆಸಿ, ಎಣ್ಣೆ ಹಚ್ಚಿ, ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ. ಇಲ್ಲಿನ ಕೋವಿಗಳಿಗೆ ಪರವಾನಗಿಯಿಂದ 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಉಳಿಯಿತು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೋವಿ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ ಇಷ್ಟೆಲ್ಲ ವಾದ ನಡೆದಿದೆ. ಅದರೊಳಗಿನ ಈಡನ್ನು ಅಪಾಯವಿಲ್ಲದೆ ಹೊರತೆಗೆಯುವುದರ ಬಗ್ಗೆ ನಾವು ಆಡಿರುವ ಮಾತು ತೀರ ಕಡಿಮೆ.

ಮಲೆನಾಡಿನ ಹಳೆಯ ಕೇಪಿನ ಕೋವಿ, ಪರವಾನಗಿ ಪುಸ್ತಕದ ಭಾಷೆಯಲ್ಲಿ ಎಸ್‌ಬಿಎಂಎಲ್ (ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ), ತುಂಬಲಿಕ್ಕೆಂದೇ ಹುಟ್ಟಿದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ಗುಂಜು ತುರುಕಿ, ಗಜವೆಂಬ ಸರಳಿನಿಂದ ಜಡಿದು, ಚರೆ ಹಾಕಿ, ಮತ್ತೆ ಗುಂಜು. ಹೊರಗೆ ಬರಬೇಕಾದರೂ ಎಲ್ಲಕ್ಕೂ ಅದೇ ದಾರಿ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದದ್ದು ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ವಿಧಾನಕ್ಕೆ. ಕುದುರೆ ಎಂಬ ಸುತ್ತಿಗೆ ಬಡಿದರೆ ಸಿಡಿಯುವ ಪುಟ್ಟ ಕೇಪು ಅದರಿಂದಲೇ ಬೆಳೆದದ್ದು. ಮಳೆಯಲ್ಲೂ ಕೋವಿ ಹಾರುವಂತಾಯಿತು. ಜತೆಗೆ ಬೇಲಿ ದಾಟುವಾಗ ಬಳ್ಳಿಗೆ ಕುದುರೆ ಸಿಕ್ಕಿ, ಸ್ವಲ್ಪ ಮೇಲೆದ್ದು ಬಿದ್ದರೂ ಹಾರುವಂತಾಯಿತು.

ಕೇಪು ಕಿತ್ತರೆ ಕೋವಿ ಬರಿದಾಯಿತೆಂದು ನಂಬುವವರು ಇಂದಿಗೂ ಇದ್ದಾರೆ. ಮದ್ದು, ಚರೆ ಎಲ್ಲ ಒಳಗೇ ಇರುತ್ತವೆ. ಕೇಪು ಕೂರುವಲ್ಲಿ ಅದರ ಮದ್ದಿನ ಚೂರು ಅಂಟಿಕೊಂಡಿದ್ದರೆ ಕುದುರೆಯ ಒಂದು ಪೆಟ್ಟಿಗೆ ಈಡು ಹಾರಬಹುದು. ಬಲ್ಲವರು ಗಜವನ್ನೇ ಸಾಕ್ಷಿ ಕೇಳುತ್ತಾರೆ. ಬರಿದಾದ ನಳಿಗೆಯ ತಳ ಮುಟ್ಟಿದಾಗ ಗಜ ಎಲ್ಲಿಗೆ ಬರುತ್ತದೋ ಅಲ್ಲೊಂದು ಗೀರು ಹಾಕಿಟ್ಟಿರುತ್ತಾರೆ. ಮುಂದೊಮ್ಮೆ ಇಳಿಸಿದಾಗ ಗೀರು ನಳಿಗೆಯ ಬಾಯಿಗಿಂತ ಮೇಲೆಯೇ ನಿಂತರೆ ಒಳಗೆ ಈಡಿದೆ. ನೋಡುವಾಗ ಮುಖವಾಗಲಿ ಅಂಗೈಯಾಗಲಿ ನಳಿಗೆಯ ನೇರಕ್ಕೆ ಬರಕೂಡದು. ಈಡು ತೆಗೆಯಲು ಗಜದ ತುದಿಗೆ ತಿರುಪು ಹಾಕಿ ಗುಂಜು ಎಳೆಯುವುದು ಹಳೆಯ ಕ್ರಮ. ಅದು ಅನುಭವಿಗಳ ಕೆಲಸ. ಕೇಪು ಸಿಡಿದೂ ಈಡು ಹಾರದಿದ್ದರೆ ಒದ್ದೆ ಮದ್ದು ತಡವಾಗಿ ಹೊತ್ತಿಕೊಂಡೀತೆಂದು ನಳಿಗೆಯನ್ನು ನಿರಪಾಯದ ದಿಕ್ಕಿಗೇ ಹಿಡಿದು ಸಾಕಷ್ಟು ಹೊತ್ತು ಕಾಯಬೇಕು. ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಕಠಿಣವಾದದ್ದು ಈ ಕಾಯುವಿಕೆಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ತೋಟಾ ಕೋವಿ ಈ ಕಷ್ಟ ತಪ್ಪಿಸಿತು. ಜೋಡು ನಳಿಗೆಯದನ್ನು ಮಡಚಿದರೆ ಎರಡು ತೋಟಾ ಕೈಗೆ ಬರುತ್ತವೆ, ನಳಿಗೆಯಲ್ಲಿ ಬೆಳಕು ಕಾಣುತ್ತದೆ. ಬರಿದಾಗಿರುವುದನ್ನು ಎದುರಿಗಿರುವವರೂ ನೋಡಬಲ್ಲ ಕೋವಿ ಇದು. ಸುರಕ್ಷತೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ನನಗೆ ಕಾಣದು. ಮುಂದೆ ಬಂದ ಸೆಮಿ-ಆಟೊಮ್ಯಾಟಿಕ್ ಪಿಸ್ತೂಲು ಈಡನ್ನು ಮತ್ತೆ ಕಣ್ಮರೆ ಮಾಡಿತು. ಮ್ಯಾಗಜೀನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಕೂತಿರಬಹುದು. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರಂತೂ ಒಂದು ಗುಂಡು ಹೊರಬಿದ್ದು ಇನ್ನೊಂದು ಒಳ ಸೇರಿರುತ್ತದೆ. ಹಾಗಾಗಿ ಬೆರಳು ಟ್ರಿಗರ್‌ನಿಂದ ದೂರವಿಟ್ಟು ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್, ಕೊನೆಗೆ ಚೇಂಬರನ್ನು ಕಣ್ಣಿಂದ ನೋಡಿ ಬೆರಳಿಂದ ಮುಟ್ಟುವುದು. ಪ್ರತಿ ಬಂದೂಕನ್ನೂ ತುಂಬಿದೆಯೆಂದೇ ತಿಳಿಯಬೇಕೆಂಬ ನಿಯಮವನ್ನು ಅಮೆರಿಕದ ಜೆಫ್ ಕೂಪರ್ ತಮ್ಮ ನಾಲ್ಕು ಸೂತ್ರಗಳಲ್ಲಿ ಮೊದಲನೆಯದಾಗಿಟ್ಟರು. ಶೂಟಿಂಗ್ ಸ್ಪರ್ಧೆಗಳಲ್ಲಿ ಚೇಂಬರಿಗೆ ಸಿಕ್ಕಿಸುವ ಎದ್ದುಕಾಣುವ ಬಣ್ಣದ ಪಟ್ಟಿ ಮಡಚಿದ ಕೋವಿಯ ಗುಣವನ್ನೇ ಮರಳಿ ತಂದಿದೆ: ಬರಿದಾಗಿದೆಯೆಂದು ದೂರದಿಂದಲೇ ತಿಳಿಯುತ್ತದೆ.

ನಮ್ಮ ಕಾನೂನು ಈ ಕಡೆ ತಿರುಗಿದ್ದು ತಡವಾಗಿ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ಸುರಕ್ಷತಾ ತರಬೇತಿಯನ್ನು ಸೇರಿಸಿದವು. 2019ರ ತಿದ್ದುಪಡಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಆದರೆ ತರಬೇತಿ ಪರವಾನಗಿಯ ಅರ್ಜಿಗೆ ಅಂಟಿಕೊಂಡಿದೆ. ಪರವಾನಗಿಯೇ ಬೇಡದ ಮನೆಗಳಿಗೆ ಅದು ತಾನಾಗಿ ತಲುಪದು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯನ್ನು ಕೈಲ್‌ಪೊಳ್ದ್‌ಗೆ ಮುಂಚೆ ಊರೂರಿಗೆ ಒಯ್ಯಬಹುದು. ಚುನಾವಣೆ ಬಂದಾಗ ಬೆಳೆ ರಕ್ಷಣೆಯ ಕೋವಿಗಳು ಠಾಣೆಗಳಲ್ಲಿ ಠೇವಣಿಯಾಗುತ್ತವಲ್ಲ, ಆ ಸರದಿಯಲ್ಲೇ ಗಜ ಇಳಿಸಿ ಗೀರು ನೋಡುವುದನ್ನು ಕೋವಿಯ ಒಡೆಯರಿಗೆ ತೋರಿಸಿಕೊಡಬಹುದು.