ಸ್ವಂತ ರಕ್ತದ ಹನಿ: ಒಣಗಣ್ಣಿನ ಸೀರಂ ಚಿಕಿತ್ಸೆಯ ಚರಿತ್ರೆ ಮತ್ತು ಶೇ. 20ರ ಪ್ರಶ್ನೆ

1975ರಲ್ಲಿ ರಾಲ್ಫ್, ಡೋನ್ ಮತ್ತು ಡೋಲ್ಮನ್ ಎಂಬ ಮೂವರು ಅಮೆರಿಕದ ನೇತ್ರವಿಜ್ಞಾನ ಪತ್ರಿಕೆಯೊಂದರಲ್ಲಿ ಪಂಪೊಂದರ ಅನುಭವವನ್ನು ವರದಿ ಮಾಡಿದರು. ರೋಗಿ ಓಡಾಡಿಕೊಂಡಿರುವಾಗಲೇ ಅವನ ಕಣ್ಣಿನ ಮೇಲೆ ದ್ರವವನ್ನು ಸತತವಾಗಿ ಹರಿಸುವ ಪುಟ್ಟ ಯಂತ್ರ ಅದು. ರಾಸಾಯನಿಕ ಬಿದ್ದು ಸುಟ್ಟ ಕಣ್ಣುಗಳಂಥ ಕಠಿಣ ಪ್ರಕರಣಗಳಿಗೆಂದು ರೂಪಿಸಿದ್ದು. ಹರಿಸಿದ ದ್ರವಗಳಲ್ಲಿ ರಕ್ತದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ, ಕೂಡ ಒಂದು. ಅವರ ಗಮನವೆಲ್ಲ ಯಂತ್ರದ ಮೇಲಿತ್ತು; ಸೀರಂ ಅದರೊಳಗೆ ಹರಿದ ಹಲವು ದ್ರವಗಳಲ್ಲಿ ಒಂದಾಗಿತ್ತು, ಅಷ್ಟೆ. ಈಗ ಪಂಪಿನ ನೆನಪು ಯಾರಿಗೂ ಇಲ್ಲ, ಸೀರಂ ಉಳಿದಿದೆ. ಯಾವ ಕೃತಕ ಕಣ್ಣೀರಿಗೂ ಜಗ್ಗದ ಒಣಗಣ್ಣಿಗೆ ರೋಗಿಯ ರಕ್ತದಿಂದಲೇ ಹನಿ ತಯಾರಿಸಿ ಕೊಡುವ ಪದ್ಧತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ವರದಿಯಿಂದಲೇ ತೊಡಗುತ್ತಾರೆ.

ಅದಕ್ಕೂ ಹಿಂದೆ ಹೋಗುವ ಆಸೆ ಸಹಜ. ಈಜಿಪ್ಟಿನ ಈಬರ್ಸ್ ಪಪೈರಸ್ಸಿನಲ್ಲಿ ಕಣ್ಣಿನ ಕಾಯಿಲೆಗೆ ಬಾವಲಿ, ಹಲ್ಲಿಗಳ ರಕ್ತ ಹಚ್ಚುವ ವಿಧಾನವಿದೆ. ಸುಶ್ರುತಸಂಹಿತೆಯ ಉತ್ತರತಂತ್ರ ‘ಶುಷ್ಕಾಕ್ಷಿಪಾಕ’ವನ್ನು ವರ್ಣಿಸುತ್ತದೆ: ರೆಪ್ಪೆ ಒರಟಾಗಿ ಗಡುಸಾಗುತ್ತದೆ, ನೋಟ ಮಸುಕಾಗುತ್ತದೆ, ಕಣ್ಣು ತೆರೆಯುವುದೇ ಯಾತನೆಯಾಗುತ್ತದೆ. ವರ್ಣನೆ ಇಂದಿನ ರೋಗಿಯ ದೂರಿಗೆ ಬೆರಗಾಗುವಷ್ಟು ಹತ್ತಿರವಿದೆ. ಆದರೂ ಇವುಗಳನ್ನು ಸೀರಂ ಹನಿಯ ವಂಶವೃಕ್ಷಕ್ಕೆ ಸೇರಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಬಾವಲಿಯ ರಕ್ತದ ಹಿಂದಿನ ತರ್ಕವೇ ಬೇರೆ. ಮೇಲಾಗಿ, ಸೀರಂ ಬಳಸಿದ ವೈದ್ಯರಲ್ಲಿ ಯಾರೂ ಆ ಗ್ರಂಥಗಳನ್ನು ಓದಿ ಈ ದಾರಿ ಹಿಡಿದದ್ದಕ್ಕೆ ಪುರಾವೆಯಿಲ್ಲ.

ನಿಜವಾದ ಪೂರ್ವಸಿದ್ಧತೆ ನಡೆದದ್ದು ಯುರೋಪಿನಲ್ಲಿ. ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ ಕಣ್ಣೀರನ್ನು ಅಳೆಯುವ ಪರೀಕ್ಷೆಗೆ ಇಂದಿಗೂ ಜರ್ಮನಿಯ ಒಟ್ಟೊ ಶಿರ್ಮರ್ ಹೆಸರೇ ಇದೆ. ಅವನು ಅದನ್ನು ವಿವರಿಸಿದ್ದು 1903ರಲ್ಲಿ. ಮೂವತ್ತು ವರ್ಷಗಳ ನಂತರ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ ತನ್ನ ಪ್ರಬಂಧದಲ್ಲಿ 19 ಮಹಿಳೆಯರ ಒಣಗಣ್ಣನ್ನು ದಾಖಲಿಸಿದ. ಅವರಲ್ಲಿ 13 ಮಂದಿಗೆ ಸಂಧಿವಾತವೂ ಇತ್ತು. ಕಣ್ಣು ಒಣಗುವುದು ಕಣ್ಣಿನದಷ್ಟೇ ತೊಂದರೆಯಲ್ಲ, ಇಡೀ ದೇಹದ ಕಾಯಿಲೆಯ ಒಂದು ಮುಖವಾಗಿರಬಹುದು ಎಂಬ ಆ ಮಾತು ವಿಶ್ವವಿದ್ಯಾಲಯದ ಪರೀಕ್ಷಕರಿಗೆ ಅಷ್ಟಾಗಿ ರುಚಿಸಲಿಲ್ಲ. ಅಧ್ಯಾಪಕ ಪದವಿಗೆ ಬೇಕಾದ ದರ್ಜೆ ಅವನಿಗೆ ಸಿಗಲಿಲ್ಲ. ಇವತ್ತು ಆ ರೋಗಕ್ಕೆ ಅವನದೇ ಹೆಸರು. ಸೀರಂ ಹನಿಯ ಮುಂದಿನ ಕಥೆಯೆಲ್ಲ ಬಹುಮಟ್ಟಿಗೆ ಈ ಷೋಗ್ರೆನ್ ರೋಗಿಗಳ ಕಣ್ಣಿನಲ್ಲೇ ನಡೆಯುತ್ತದೆ.

ಇಂಥವರ ಕಷ್ಟ ಇಮ್ಮಡಿಯಾದದ್ದು. ಅವರ ಕಣ್ಣೀರಿನ ಗ್ರಂಥಿಗಳೇ ಹಾಳಾಗಿರುವುದರಿಂದ ದಿನಕ್ಕೆ ಹತ್ತಾರು ಬಾರಿ ಕೃತಕ ಕಣ್ಣೀರು ಹಾಕಬೇಕು. ಆ ಬಾಟಲಿಗಳಲ್ಲಿ ಕೆಡದಂತೆ ಸೇರಿಸುತ್ತಿದ್ದ ಬೆಂಜಾಲ್ಕೋನಿಯಂ ಕ್ಲೋರೈಡಿನಂಥ ಸಂರಕ್ಷಕಗಳು, ಪದೇ ಪದೇ ಬಿದ್ದಾಗ, ಮೊದಲೇ ನವೆದ ಕಾರ್ನಿಯಾದ ಮೇಲ್ಪದರವನ್ನು ಇನ್ನಷ್ಟು ನವೆಸುತ್ತವೆ. 1984ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಫಾಕ್ಸ್ ಮತ್ತು ಸಂಗಡಿಗರು ರೋಗಿಗಳ ಸ್ವಂತ ಸೀರಂನಿಂದ, ಸಂರಕ್ಷಕವಿಲ್ಲದೆ, ಹನಿ ತಯಾರಿಸಿ ಫಲ ಕಂಡದ್ದಾಗಿ ಪ್ರಕಟಿಸಿದಾಗ ಅವರ ಮುಂದಿದ್ದುದು ಈ ಸಮಸ್ಯೆ. ಲೇಖನ ಬಂದದ್ದು ನೇತ್ರವಿಜ್ಞಾನದ ಪತ್ರಿಕೆಯಲ್ಲಲ್ಲ, ಸಂಧಿವಾತ ತಜ್ಞರ ಪತ್ರಿಕೆಯಲ್ಲಿ. ಮುಂದಿನ ಹದಿನೈದು ವರ್ಷ ಕಣ್ಣಿನ ಡಾಕ್ಟರುಗಳು ಇದರ ಕಡೆ ಹೆಚ್ಚು ಗಮನ ಕೊಡದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಅಂದರೆ 1975ರಲ್ಲೂ 1984ರಲ್ಲೂ ಸೀರಂಗೆ ಸಿಕ್ಕ ಮುಖ್ಯ ಅರ್ಹತೆ ಅದು ಕಣ್ಣಿಗೆ ಹಾನಿ ಮಾಡದ ದ್ರವ ಎಂಬುದು. ಅದು ಕಣ್ಣನ್ನು ಗುಣಪಡಿಸುವ ದ್ರವವೂ ಹೌದು ಎಂಬ ವಿವರಣೆ ಬೇರೆ ಕಡೆಯಿಂದ ಬಂತು. ಸ್ಟ್ಯಾನ್ಲಿ ಕೊಹೆನ್ ಇಲಿಮರಿಗಳಿಗೆ ಲಾಲಾಗ್ರಂಥಿಯ ಸಾರವನ್ನು ಚುಚ್ಚಿದಾಗ ಅವು ವಾಡಿಕೆಗಿಂತ ಮುಂಚೆಯೇ ಕಣ್ಣು ತೆರೆದವು. ಆ ಸಾರದಿಂದ ಬೇರ್ಪಡಿಸಿದ ಪ್ರೋಟೀನೇ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. ಇದಕ್ಕಾಗಿ 1986ರಲ್ಲಿ, ನರ್ವ್ ಗ್ರೋತ್ ಫ್ಯಾಕ್ಟರ್ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿಯವರ ಜೊತೆಯಲ್ಲಿ, ಕೊಹೆನ್ನರಿಗೆ ನೊಬೆಲ್ ಬಂತು. ಕಣ್ಣೀರು ಬರೀ ಉಪ್ಪುನೀರಲ್ಲ, ಮೇಲ್ಪದರದ ಕೋಶಗಳನ್ನು ಪೋಷಿಸುವ ಇಂಥ ವಸ್ತುಗಳು ಅದರಲ್ಲಿವೆ ಎಂಬುದು ತಿಳಿದ ಮೇಲೆ ಸೀರಂ ಹೊಸ ಬೆಳಕಿನಲ್ಲಿ ಕಂಡಿತು. ಗ್ರೋತ್ ಫ್ಯಾಕ್ಟರುಗಳು, ಫೈಬ್ರೊನೆಕ್ಟಿನ್, ವಿಟಮಿನ್ ಎ — ಯಾವ ಕಾರ್ಖಾನೆಯ ಬಾಟಲಿಯೂ ಕೊಡದ ಇವೆಲ್ಲ ಅದರಲ್ಲಿದ್ದವು. ವಿಟಮಿನ್ ಎ ಅಂತೂ ಕಣ್ಣೀರಿಗಿಂತ ಎಷ್ಟೋ ಪಾಲು ಹೆಚ್ಚು.

ಇನ್ನು ಶೇ. 20ರ ವಿಷಯ. 1999ರಲ್ಲಿ ಜಪಾನಿನ ಕಜುಒ ತ್ಸುಬೋತ ಮತ್ತು ಸಹೋದ್ಯೋಗಿಗಳು 12 ಮಂದಿ ಷೋಗ್ರೆನ್ ರೋಗಿಗಳಿಗೆ ಸೀರಂ ಹನಿ ಕೊಟ್ಟ ಫಲಿತಾಂಶ ಬ್ರಿಟಿಷ್ ನೇತ್ರವಿಜ್ಞಾನ ಪತ್ರಿಕೆಯಲ್ಲಿ ಬಂತು. ನಾಲ್ಕು ವಾರಗಳಲ್ಲಿ, ಬಣ್ಣ ಹಾಕಿ ನೋಡಿದಾಗ ಕಾಣುವ ಮೇಲ್ಪದರದ ಗಾಯಗಳು ಗಣನೀಯವಾಗಿ ಕಡಿಮೆಯಾಗಿದ್ದವು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ, ಕಣ್ಣೀರು ಕಣ್ಣಿನ ಮೇಲೆ ನಿಲ್ಲಲು ನೆರವಾಗುವ ಮ್ಯೂಸಿನ್‌ನ ಉತ್ಪತ್ತಿಯೂ ಹೆಚ್ಚಿತ್ತು. ಸೀರಂ ಹನಿಗೆ ನೇತ್ರವಿಜ್ಞಾನದಲ್ಲಿ ಎರಡನೇ ಹುಟ್ಟು ಕೊಟ್ಟದ್ದು ಈ ಲೇಖನ. ಅವರು ಸೀರಂ ಅನ್ನು ಸಲೈನಿನಲ್ಲಿ ಶೇ. 20ಕ್ಕೆ ತೆಳುಗೊಳಿಸಿದ್ದರು. ಕಾರಣ ಟಿಜಿಎಫ್-ಬೀಟಾ ಎಂಬ ಅಂಶ: ಸೀರಂನಲ್ಲಿ ಅದು ಕಣ್ಣೀರಿಗಿಂತ ಸುಮಾರು ಐದು ಪಟ್ಟು ಹೆಚ್ಚಿದೆ, ಅತಿಯಾದರೆ ಕೋಶಗಳ ವಿಭಜನೆಯನ್ನು ತಡೆದು ಗಾಯ ಮಾಯುವುದನ್ನು ತಡಮಾಡೀತು ಎಂಬ ಎಚ್ಚರಿಕೆ. ಐದನೇ ಒಂದು ಪಾಲು ಮಾಡಿದರೆ ಲೆಕ್ಕ ಸರಿಹೋಗುತ್ತದೆ.

ತರ್ಕ ಚೊಕ್ಕಟವಾಗಿದೆ, ಆದರೆ ಅದು ತರ್ಕ ಮಾತ್ರ; ಬೇರೆ ಬೇರೆ ಪ್ರಮಾಣಗಳನ್ನು ರೋಗಿಗಳಲ್ಲಿ ಹೋಲಿಸಿ ನೋಡಿ ಆರಿಸಿದ ಅಂಕಿಯಲ್ಲ. ಒಂದು ಅಂಶಕ್ಕೆ ಹೆದರಿ ಐದು ಪಟ್ಟು ತೆಳುಮಾಡಿದಾಗ ಬೇಕಾದ ಅಂಶಗಳೂ ಐದು ಪಟ್ಟು ತೆಳುವಾಗುತ್ತವೆ. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ವೈದ್ಯರು 2001ರ ಹೊತ್ತಿಗೇ ಶೇ. 50ರಿಂದ 100ರವರೆಗಿನ ಸೀರಂ ಬಳಸಿ ವರದಿ ಮಾಡಿದ್ದರು. ಆದರೂ ಜಗತ್ತಿನ ಬಹುಪಾಲು ಆಸ್ಪತ್ರೆಗಳಲ್ಲಿ ಶೇ. 20 ಮಾಮೂಲಾಯಿತು. ಇದರಲ್ಲಿ ಜಿಪುಣತನದ ವಿವೇಕವೂ ಇದೆ ಎನ್ನಬೇಕು: ತೆಳುಮಾಡಿದಷ್ಟೂ ಒಮ್ಮೆ ತೆಗೆದ ರಕ್ತ ಹೆಚ್ಚು ದಿನ ಬರುತ್ತದೆ, ಸೂಜಿ ಚುಚ್ಚುವ ಸರದಿ ದೂರ ಹೋಗುತ್ತದೆ.

ತಯಾರಿಕೆಯ ಕ್ರಮವನ್ನು ಖಚಿತಗೊಳಿಸಲು ಹೊರಟವರು ಜರ್ಮನ್ನರು. ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಯಾವುದನ್ನೂ ಸೇರಿಸದೆ ಹಾಗೇ ಬಿಡಬೇಕು; ಹೆಪ್ಪುಗಟ್ಟುವಾಗಲೇ ಪ್ಲೇಟ್‌ಲೆಟ್‌ಗಳು ತಮ್ಮೊಳಗಿನ ಗ್ರೋತ್ ಫ್ಯಾಕ್ಟರುಗಳನ್ನು ಹೊರಬಿಡುತ್ತವೆ. ಪ್ಲಾಸ್ಮಾಗೂ ಸೀರಂಗೂ ಇರುವ ವ್ಯತ್ಯಾಸ ಇದೇ. ಗೇರ್ಲಿಂಗ್ ಮತ್ತು ಸಂಗಡಿಗರು 2005ರಲ್ಲಿ ಕನಿಷ್ಠ ಎರಡು ಗಂಟೆ ಹೆಪ್ಪುಗಟ್ಟಲು ಬಿಟ್ಟು, ಬಳಿಕ ಹದಿನೈದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕೆಂದು ಸೂಚಿಸಿದರು. ತಿಳಿಹಳದಿ ಸೀರಂ ಅನ್ನು ಪುಟ್ಟ ಬಾಟಲಿಗಳಿಗೆ ತುಂಬಿ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪಾಗಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಸಂರಕ್ಷಕವಿಲ್ಲವಾದ್ದರಿಂದ ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ಬೇಗನೆ ಮುಗಿಸಬೇಕು, ಇಲ್ಲವಾದರೆ ಅದೇ ಸೋಂಕಿನ ಮೂಲ.

ಪುರಾವೆಯ ಕಥೆ ಇಷ್ಟು ಹಸನಾಗಿಲ್ಲ. 2001ರಲ್ಲಿ ಥಾಯ್ಲೆಂಡಿನ ಸಂಶೋಧಕರು ಒಂದು ಕಣ್ಣಿಗೆ ಸೀರಂ, ಇನ್ನೊಂದಕ್ಕೆ ಸಲೈನ್ ಹಾಕಿ ನೋಡಿದರು. ಎರಡೂ ಸುಧಾರಿಸಿದವು, ಅರ್ಥಪೂರ್ಣ ಅಂತರ ಕಾಣಲಿಲ್ಲ. 2004ರ ಬ್ರಿಟನ್ನಿನ ಮತ್ತು 2005ರ ಜಪಾನಿನ ಪ್ರಯೋಗಗಳು ಸೀರಂ ಪರವಾಗಿ ಬಂದವು. ವೈದ್ಯಕೀಯ ಪ್ರಯೋಗಗಳ ಪುರಾವೆಯನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2017ರಲ್ಲಿ ಎಲ್ಲವನ್ನೂ ಜರಡಿ ಹಿಡಿದಾಗ ಉಳಿದವು ಐದು ಪ್ರಯೋಗಗಳು, 92 ರೋಗಿಗಳು. ಎರಡು ವಾರದ ಮಟ್ಟಿಗೆ ಉರಿ, ತುರಿಕೆ ಕಡಿಮೆಯಾಗಬಹುದು. ಅದರಾಚೆಗಿನ ಪ್ರಯೋಜನಕ್ಕೆ ಪುರಾವೆ ಸಾಲದು ಎಂಬುದು ಅವರ ತೀರ್ಪು. ಇದನ್ನು ಚಿಕಿತ್ಸೆಯ ಸೋಲೆಂದು ಓದಬಾರದು. ಪ್ರತಿ ರೋಗಿಗೂ ಬೇರೆಯೇ ಆದ, ಯಾವ ಕಂಪನಿಯೂ ತನ್ನದೆಂದು ಮಾರಲಾಗದ ಔಷಧಕ್ಕೆ ದೊಡ್ಡ ಪ್ರಯೋಗದ ಖರ್ಚು ಹೊರುವವರು ಯಾರು? ಆ ಮೊದಲ ಪ್ರಯೋಗಗಳ ಅವಧಿಯಲ್ಲೇ, 2002ರಲ್ಲಿ, ಒಣಗಣ್ಣಿಗೆಂದು ಅಮೆರಿಕದಲ್ಲಿ ಅನುಮತಿ ಪಡೆದ ಸೈಕ್ಲೋಸ್ಪೋರಿನ್ ಹನಿಯ ಹಿಂದೆ ಕಂಪನಿಯಿತ್ತು, ನೂರಾರು ರೋಗಿಗಳ ಪ್ರಯೋಗಗಳಿದ್ದವು.

ಭಾರತದ ಕೊಡುಗೆ ಮತ್ತೊಂದು ದಿಕ್ಕಿನಿಂದ ಬಂತು. 2003ರಲ್ಲಿ ದೆಹಲಿಯ ಏಮ್ಸ್‌ನ ರಸಿಕ್ ವಾಜಪೇಯಿ ಮತ್ತು ತಂಡ, ಮಾಯದ ಕಾರ್ನಿಯಾ ಗಾಯಗಳಿಗೆ ಹೊಕ್ಕುಳಬಳ್ಳಿಯ ರಕ್ತದ ಸೀರಂ ಹಾಕಿ, ರೋಗಿಯ ಸ್ವಂತ ಸೀರಂಗಿಂತ ಬೇಗ ಗುಣವಾದದ್ದನ್ನು ತೋರಿಸಿದರು. ಅದೇ ಸಂಸ್ಥೆ 2011ರಲ್ಲಿ ರಾಸಾಯನಿಕ ಸುಟ್ಟಗಾಯಗಳಲ್ಲೂ ಇದನ್ನು ಪರೀಕ್ಷಿಸಿತು. ಎಲೆಅಡಿಕೆಯ ಸುಣ್ಣದ ಪೊಟ್ಟಣ ಒಡೆದು ಮಕ್ಕಳ ಕಣ್ಣಿಗೆ ಸಿಡಿಯುವ ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ತುರ್ತಿತ್ತು. ಪಂಪಿನ ಕಾಲದ ರೋಗಿಗಳೂ ಇಂಥವರೇ.

ಬೇರೆಯವರ ರಕ್ತದ ಕಡೆ ತಿರುಗಲು ಇನ್ನೂ ಕಾರಣಗಳಿವೆ. ಷೋಗ್ರೆನ್ ರೋಗಿಯ ಸೀರಂನಲ್ಲಿ ಗ್ರೋತ್ ಫ್ಯಾಕ್ಟರುಗಳ ಜೊತೆ ಆ ರೋಗದ ಉರಿಯೂತದ ಅಂಶಗಳೂ ಇರುತ್ತವೆ; ಅದನ್ನೇ ಮತ್ತೆ ಕಣ್ಣಿಗೆ ಹಾಕುವುದು ಎಷ್ಟು ಸರಿ? ರಕ್ತಹೀನತೆಯಿರುವ ವೃದ್ಧೆಯಿಂದ ಪದೇ ಪದೇ ರಕ್ತ ತೆಗೆಯುವುದಾದರೂ ಹೇಗೆ? ದಾನಿಯ ರಕ್ತವಾದರೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಕಡ್ಡಾಯ, ಹಾಗಾಗಿ ಕೆಲಸ ಕಣ್ಣಿನ ವಿಭಾಗದಿಂದ ಬ್ಲಡ್ ಬ್ಯಾಂಕಿಗೆ ಹೋಗುತ್ತದೆ. ಬ್ರಿಟನ್ನಿನ ಸರ್ಕಾರಿ ರಕ್ತಸೇವೆ ಈಗ ಸ್ವಂತ ಮತ್ತು ದಾನಿಯ ಸೀರಂ ಎರಡನ್ನೂ ಪೂರೈಸುತ್ತದೆ. ಒಣಗಣ್ಣಿನ ಅಂತಾರಾಷ್ಟ್ರೀಯ ತಜ್ಞರ 2017ರ ವರದಿ ಚಿಕಿತ್ಸೆಯ ನಾಲ್ಕು ಮೆಟ್ಟಿಲುಗಳಲ್ಲಿ ಮೂರನೆಯದರ ಮೇಲೆ ಎರಡನ್ನೂ ಒಟ್ಟಿಗೇ ಇರಿಸಿದೆ.